ಔಟಾದವನು ಮರಳಿ ಬರುವ ಆಟ

ಆಟವು ನಾಯಕತ್ವವನ್ನು ಕಲಿಸುತ್ತದೆ, ಒಗ್ಗಟ್ಟನ್ನು ಕಲಿಸುತ್ತದೆ ಎಂಬ ಮಾತನ್ನು ನಾವು ಪ್ರತಿವರ್ಷವೂ ಕ್ರೀಡಾದಿನದ ವೇದಿಕೆಯಿಂದ ಕೇಳುತ್ತಲೇ ಬಂದಿದ್ದೇವೆ. ಮಾತೇನೋ ಸುಳ್ಳಲ್ಲ, ಆದರೆ ಯಾವ ಆಟದ ಯಾವ ನಿಯಮವು ಎಂಥ ಒಗ್ಗಟ್ಟನ್ನು ಕಲಿಸುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಬಹುಮಾನ ವಿತರಣೆಯ ಅವಸರದಲ್ಲಿ ಅದಕ್ಕೆ ಸಮಯವೂ ಇರುವುದಿಲ್ಲವೆನ್ನಿ. ಪ್ರಕೃತ ಲೇಖನದಲ್ಲಿ ಕಬಡ್ಡಿಯೊಂದನ್ನೇ ಆರಿಸಿಕೊಂಡು, ಅದರಲ್ಲಿಯೂ ಮುಖ್ಯವಾಗಿ ಒಂದೇ ಒಂದು ನಿಯಮವನ್ನು ಹಿಡಿದು, ಈ ವಿಷಯವನ್ನು ವಿಚಾರ ಮಾಡಬೇಕೆಂದಿದ್ದೇನೆ. ಕಬಡ್ಡಿಯೇ ಏಕೆಂದರೆ, ಅದಕ್ಕೆ ಬ್ಯಾಟು ಬೇಡ, ಚೆಂಡು ಬೇಡ. ಸುಣ್ಣದ ಪುಡಿಯಿಂದ ಗೆರೆ ಎಳೆಯುವಷ್ಟು ನೆಲವಿದ್ದರೆ ಸಾಕು. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಖರ್ಚಿಲ್ಲದೆ ದಕ್ಕಿದ ಆಟವಿದು.

ತಮಿಳುನಾಡಿನಲ್ಲಿ ಚಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು ಎಂದು ಈ ಆಟಕ್ಕೆ ಹೆಸರು ಬೇರೆಬೇರೆಯಾಗಿದ್ದಂತೆ ಆಡುವ ಕ್ರಮವೂ ಒಂದೇ ಆಗಿರಲಿಲ್ಲ. ಮುಖ್ಯವಾಗಿ ಮೂರು ಕ್ರಮಗಳನ್ನು ಹೇಳುತ್ತಾರೆ. ಗಾಮಿನಿ ಎಂಬ ಕ್ರಮದಲ್ಲಿ ಒಮ್ಮೆ ಔಟಾದವನು ತನ್ನ ಪಕ್ಷದವರೆಲ್ಲರೂ ಔಟಾಗುವ ತನಕ ಹೊರಗೇ ಕುಳಿತಿರಬೇಕು. ಎದುರು ಪಕ್ಷವನ್ನು ಪೂರ್ತಿಯಾಗಿ ಖಾಲಿ ಮಾಡಿದವರಿಗೆ ಒಂದು ಅಂಕ. ಅಮರ ಎಂಬುದು ಇದಕ್ಕೆ ತದ್ವಿರುದ್ಧವಾದುದು. ಹೆಸರೇ ಹೇಳುವಂತೆ ಅಲ್ಲಿ ಸಾವೇ ಇಲ್ಲ; ಔಟಾದರೂ ಆಟಗಾರ ಅಂಕಣದಲ್ಲೇ ಉಳಿಯುತ್ತಾನೆ, ಎದುರಿನವರಿಗೆ ಅಂಕ ಮಾತ್ರ ಸೇರುತ್ತದೆ. ಮೂರನೆಯದು ಸಂಜೀವಿನಿ. ಇಲ್ಲಿ ಔಟಾದವನು ಹೊರಗೆ ಹೋಗುವುದೂ ಉಂಟು, ಮರಳಿ ಬರುವುದೂ ಉಂಟು. ಆದರೆ ಮರಳುವುದು ಅವನ ಕೈಯಲ್ಲಿಲ್ಲ. ಒಳಗೆ ಉಳಿದ ಜೊತೆಗಾರರು ಎದುರಿನವರಲ್ಲಿ ಒಬ್ಬನನ್ನು ಔಟುಮಾಡಿದಾಗ ಇವನಿಗೆ ಜೀವ ಬರುತ್ತದೆ. ಇಂದು ನಾವು ಆಡುವ, ಮ್ಯಾಟಿನ ಮೇಲೆ ಟೆಲಿವಿಷನ್ನಿನಲ್ಲಿ ನೋಡುವ ಕಬಡ್ಡಿಗೆ ಆಧಾರವಾಗಿ ನಿಂತದ್ದು ಈ ಸಂಜೀವಿನಿಯೇ.

ಇದು ಏಕೆ ಉಳಿಯಿತು ಎಂಬುದಕ್ಕೆ ನನಗೆ ತೋಚುವ ಸಮಾಧಾನ ಇದು. ಅಮರದಲ್ಲಿ ಯಾರಿಗೂ ನಷ್ಟದ ಬಿಸಿ ತಟ್ಟುವುದಿಲ್ಲ. ಗಾಮಿನಿಯಲ್ಲಿ ಬಿಸಿ ತಟ್ಟಿದವನಿಗೆ ನೆರಳೇ ಸಿಕ್ಕುವುದಿಲ್ಲ. ಸಂಜೀವಿನಿಯಲ್ಲಾದರೋ ತಪ್ಪಿಗೆ ಬೆಲೆಯೂ ಉಂಟು, ಬೆಲೆ ತೆತ್ತವನನ್ನು ಬಿಡಿಸಿ ತರುವ ಹೊಣೆ ಉಳಿದವರ ಮೇಲೂ ಉಂಟು.

ಈ ಭೇದವು ಅಂಕಣಕ್ಕೆ ಮಾತ್ರ ಸಂಬಂಧಪಟ್ಟದ್ದೆಂದು ನಾನು ಭಾವಿಸಲಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಅಣ್ಣ ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲಿ ಅನುತ್ತೀರ್ಣನಾದ. ಆ ತಿಂಗಳೇ ಅವನ ಕೈಗೆ ಗಾರೆ ಕೆಲಸದ ಕರಣೆ ಬಂತು. ಮನೆಯವರಾಗಲಿ, ಶಾಲೆಯವರಾಗಲಿ, ಊರಿನವರಾಗಲಿ ಇನ್ನೊಮ್ಮೆ ಬಾ ಎಂದು ಅವನನ್ನು ಕರೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಪರೀಕ್ಷೆಯೆಂಬುದು ಶುದ್ಧ ಗಾಮಿನಿ. ನನ್ನ ಮೂರು ವರ್ಷದ ಶುಲ್ಕವನ್ನು ಕಟ್ಟಿದ್ದು ಆ ಕರಣೆಯೇ ಎಂಬುದನ್ನು ಇಲ್ಲಿ ಹೇಳಲು ನನಗೆ ಸಂಕೋಚವಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷ ಮೂರು ಪರೀಕ್ಷೆಗಳು ನಡೆದಾಗ ಮಟ್ಟ ಇಳಿಯಿತೆಂದು ಕೆಲವರು ಆಕ್ಷೇಪಿಸಿದರು. ಹೊರಗೆ ಕುಳಿತವರ ಮನೆಯಿಂದ ನೋಡಿದರೆ ಆ ಆಕ್ಷೇಪಣೆಗೆ ಅಷ್ಟು ತೂಕವಿರದು. ಅಣ್ಣನಿಗೆ ಈಗ ಇಪ್ಪತ್ತಾರು ವರ್ಷ. ಆ ಒಂದು ವಿಷಯಕ್ಕೆ ಈಗಲೂ ಕೂರಬಹುದೇ ಎಂದು ಈಚೆಗೆ ಕೇಳಿದ. ಪುಸ್ತಕ ತಂದುಕೊಟ್ಟಿದ್ದೇನೆ, ರಾತ್ರಿ ಊಟವಾದ ಮೇಲೆ ಇಬ್ಬರೂ ಕೂರುತ್ತೇವೆ.

ಇರಲಿ, ಮತ್ತೆ ಅಂಕಣಕ್ಕೆ ಬರೋಣ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಪಕ್ಷದಲ್ಲಿ ಹನ್ನೆರಡು ಮಂದಿಯಿದ್ದು ಏಳು ಮಂದಿ ಆಡುತ್ತಾರೆ. ದಾಳಿಗೆ ಹೋದವನಿಗೆ ದೊರೆಯುವ ಕಾಲ 30 ಸೆಕೆಂಡು. ಅಂಕ ಗಳಿಸಲು ಅವನಿಗೆ ಎರಡು ದಾರಿಗಳಿವೆ. ಒಂದು, ಎದುರಿನವರನ್ನು ಮುಟ್ಟಿ ಮರಳುವುದು. ಇನ್ನೊಂದು, ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ಒಳಗಿನ ಬೋನಸ್ ಗೆರೆಯನ್ನು ದಾಟಿ ಕಾಲಿಟ್ಟು ಬರುವುದು. ಎರಡಕ್ಕೂ ಒಂದೊಂದೇ ಅಂಕವಾದರೂ ಒಂದು ವ್ಯತ್ಯಾಸವಿದೆ, ಅದು ಪ್ರೇಕ್ಷಕರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ: ಮುಟ್ಟಿ ತಂದ ಅಂಕಕ್ಕೆ ಹೊರಗಿದ್ದ ಜೊತೆಗಾರನೊಬ್ಬ ಎದ್ದು ಒಳಗೆ ಬರುತ್ತಾನೆ, ಬೋನಸ್ ಅಂಕಕ್ಕೆ ಯಾರೂ ಬರುವುದಿಲ್ಲ. ಹಲಗೆಯ ಮೇಲೆ ಸಂಖ್ಯೆ ಏರುತ್ತದೆ, ಅಂಕಣದೊಳಗಿನ ತಲೆಗಳ ಎಣಿಕೆ ಮಾತ್ರ ಇದ್ದಷ್ಟೇ ಇರುತ್ತದೆ.

ವ್ಯಾಪಾರದ ಲೋಕದಲ್ಲಿಯೂ ಇಂಥ ಎರಡು ಬಗೆಯ ಗಳಿಕೆಗಳಿವೆ ಎಂಬುದನ್ನು ನಾನು ತಿಳಿದದ್ದು ನಮ್ಮ ಭಾವನವರೊಬ್ಬರಿಂದ. ಅವರು ಅಂಗಡಿ ಅಂಗಡಿಗೆ ತಿರುಗಿ ಸಾಬೂನು, ಬಿಸ್ಕತ್ತುಗಳಿಗೆ ಆರ್ಡರು ಹಿಡಿಯುವವರು. ತಿಂಗಳ ಕೊನೆಗೆ ಟಾರ್ಗೆಟ್ಟು ಮುಟ್ಟಬೇಕೆಂದು, ಮಾರಾಟವಾಗದಷ್ಟು ಮಾಲನ್ನು ಅಂಗಡಿಯವನ ತಲೆಗೆ ಕಟ್ಟಿ ಬರುವವರು ಅವರ ಜೊತೆಯಲ್ಲಿ ಇದ್ದಾರಂತೆ. ಅವರ ಹೆಸರಿನ ಮುಂದೆ ಅಂಕ ಬೀಳುತ್ತದೆ. ಮುಂದಿನ ತಿಂಗಳು ಮಾಲು ವಾಪಸು ಹೊರುವವನು ವ್ಯಾನಿನ ಹುಡುಗ, ಬೈಸಿಕೊಳ್ಳುವವನು ಆ ದಾರಿಗೆ ಹೊಸದಾಗಿ ಬಂದವನು. "ನಾನು ಬರಿಗೈಲಿ ಬಂದ ದಿನವೂ ಅಂಗಡಿಯ ಕಪಾಟಿನಲ್ಲಿ ಯಾವುದು ಖಾಲಿಯಾಗಿದೆ ಅಂತ ನೋಡಿಕೊಂಡು ಬರ್ತೀನಪ್ಪ, ನಾಳೆ ಹೋಗೋನಿಗೆ ಹೇಳಬೇಕಲ್ಲ" ಎಂದು ಭಾವ ಹೇಳಿದರು. ಕಬಡ್ಡಿಯ ಖಾಲಿ ದಾಳಿಯೂ ಹೀಗೆಯೇ. ಅಂಕ ತರದೆ ಮರಳಿದವನು ಎದುರಿನ ಎಡಮೂಲೆಯವನು ಕಾಲಿಗೆ ಬೀಳುತ್ತಾನೆಯೋ, ಸೊಂಟ ಹಿಡಿಯುತ್ತಾನೆಯೋ ಎಂಬುದನ್ನು ಅರಿತು ಬಂದಿದ್ದರೆ ಅದನ್ನು ಬರಿಗೈ ಎನ್ನಲಾಗದು.

ಬೋನಸ್ ಅಂಕ ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದಂಕದಿಂದ ಗೆದ್ದ ಪಂದ್ಯಗಳು ಎಷ್ಟಿಲ್ಲ? 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಮಹಿಳೆಯರು ಚೈನೀಸ್ ತೈಪೆಯ ವಿರುದ್ಧ ಚಿನ್ನ ಗೆದ್ದದ್ದು 26-25ರಿಂದ. ಆದರೆ ಏಳು ಮಂದಿ ಒಳಗಿರುವಾಗ ಬೋನಸ್ಸಿಗೆ ಹೋಗುವುದು ಬೇರೆ, ಮೂವರು ಹೊರಗೆ ಕಾದಿರುವಾಗ ಅದಕ್ಕೇ ಆಸೆಪಡುವುದು ಬೇರೆ. ಈ ಹೊತ್ತು ಯಾವುದು ಬೇಕು ಎಂದು ದಾಳಿಗಾರನ ಕಿವಿಯಲ್ಲಿ ಹೇಳುವವನೇ ನಾಯಕ.

ಅತಿ ಹೆಚ್ಚು ಅಂಕ ತರುವವನಿದ್ದರೆ ತಂಡ ಗೆದ್ದಂತೆಯೇ ಎಂದು ನಂಬಿದವರು ಬಹಳ. ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿಯಲ್ಲಿ ದಾಳಿಯ ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದವನು ದೆಹಲಿಯ ಆಶು ಮಲಿಕ್. 2024ರ ಮಾರ್ಚಿಯಲ್ಲಿ ಕಪ್ಪು ಎತ್ತಿದ್ದು ಪುಣೇರಿ ಪಲ್ಟನ್. ಆ ತಂಡದ ತರಬೇತುದಾರರು ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಎಂಬುದು ನಮಗೆ ಹೆಮ್ಮೆಯ ಸಂಗತಿ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಗೆದ್ದಾಗಲೂ ಅವರೇ ತರಬೇತುದಾರರು. ಇದಕ್ಕೆ ಎದುರಾದ ಉದಾಹರಣೆಯೂ ಇದೆಯೆಂಬುದನ್ನು ಮುಚ್ಚಿಡಬಾರದು: 2017ರಲ್ಲಿ ಪಾಟ್ನಾದ ಪ್ರದೀಪ್ ನರ್ವಾಲ್ ಒಬ್ಬನೇ ದಾಳಿಯಿಂದ 369 ಅಂಕ ಗಳಿಸಿದ, ಕಪ್ಪೂ ಪಾಟ್ನಾಕ್ಕೇ ಬಂತು. ಅಂಥ ದಾಳಿಗಾರ ಒಂದೇ ಉಸಿರಿಗೆ ಇಬ್ಬರು ಮೂವರನ್ನು ಮುಟ್ಟಿ ಬಂದಾಗ ಹೊರಗಿದ್ದ ಇಬ್ಬರು ಮೂವರು ಒಮ್ಮೆಗೇ ಎದ್ದು ಬರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಿಡಿಯುವವರ ಕೆಲಸವು ಇದಕ್ಕಿಂತ ಕಷ್ಟದ್ದೆಂದು ನನ್ನ ಅಭಿಪ್ರಾಯ. ಅವರು ಇಬ್ಬಿಬ್ಬರಾಗಿ ಕೈಕೈ ಹಿಡಿದು ಕೊಂಡಿಯಂತೆ ನಿಲ್ಲುತ್ತಾರೆ. ಮೂಲೆಯವನು ಕಾಲನ್ನು ಹಿಡಿದೊಡನೆ ಪಕ್ಕದವನು ಕ್ಷಣಮಾತ್ರವೂ ತಡೆಯದೆ ಮೇಲೆ ಬೀಳಬೇಕು. ಬಿದ್ದೂ ದಾಳಿಗಾರ ಜಾರಿ ನಡುಗೆರೆಯನ್ನು ಮುಟ್ಟಿದನೋ, ಅವನನ್ನು ಹಿಡಿದವರೆಲ್ಲರೂ ಔಟು! ಆದ್ದರಿಂದ ಗೆಳೆಯನ ನೆರವಿಗೆ ಹೋಗುವವನು ಪ್ರತಿಸಲವೂ ತನ್ನ ಜೀವವನ್ನು ಪಣವಾಗಿಟ್ಟೇ ಹೋಗುತ್ತಾನೆ. ಹೋಗದೆ ಸುಮ್ಮನೆ ನಿಂತವನು ಒಳಗೆ ಉಳಿಯುತ್ತಾನೆ, ನಿಜ. ಅವನ ಹೆಸರಿನ ಮುಂದೆ ತಪ್ಪೆಂದು ಯಾರೂ ಬರೆಯುವುದಿಲ್ಲ. ಆದರೂ ಆ ಪಂದ್ಯವನ್ನು ಆಡಿದ ಏಳು ಮಂದಿಗೂ ಅದು ಗೊತ್ತಿರುತ್ತದೆ.

ಇನ್ನು ನಾಯಕನ ವಿಚಾರ. ಏಳು ಮಂದಿಯೂ ಔಟಾದರೆ ಎದುರಿನವರಿಗೆ ಎರಡು ಹೆಚ್ಚಿನ ಅಂಕ, ಅದೇ ಲೋನಾ. ಆಗ ಏಳು ಮಂದಿಯೂ ಮರಳಿ ಒಳಗೆ ಬರುತ್ತಾರೆ. ಆದಕಾರಣ ಒಬ್ಬನೇ ಉಳಿದು ಬಹಳ ಹೊತ್ತು ಓಡಾಡುತ್ತಿರುವುದಕ್ಕಿಂತ, ಬೇಗನೆ ಆ ನಷ್ಟವನ್ನು ಹೊತ್ತು ಪೂರ್ಣ ಬಲದೊಡನೆ ಹೊಸದಾಗಿ ಆರಂಭಿಸುವುದೇ ಮೇಲೆಂದು ತೀರ್ಮಾನಿಸುವ ನಾಯಕರುಂಟು. ನೋಡುವವರು ಅದನ್ನು ಹೇಡಿತನವೆಂದು ಕೂಗಬಹುದು. ಗಡಿಯಾರದಲ್ಲಿ ಹತ್ತು ನಿಮಿಷ ಉಳಿದಿದ್ದರೆ ಅದು ಲೆಕ್ಕಾಚಾರ. ಒಂದು ನಿಮಿಷ ಉಳಿದಿದ್ದರೆ ಮಾತ್ರ ಕೂಗಿದವರೇ ಸರಿ.

ಕಬಡ್ಡಿಯಲ್ಲಿ ನಾಯಕನ ಕೈಗೆ ಕೊಡದ ಅಧಿಕಾರವೂ ಒಂದಿದೆ. ಔಟಾದವರು ತಾವು ಔಟಾದ ಕ್ರಮದಲ್ಲಿಯೇ ಮರಳಿ ಬರಬೇಕು. ಹೊರಗೆ ಕುಳಿತವರಲ್ಲಿ ತನ್ನ ಮೆಚ್ಚಿನ ದಾಳಿಗಾರ ಮೂರನೆಯವನಾಗಿದ್ದರೆ, ಮೊದಲಿನ ಇಬ್ಬರಿಗೆ ಜೀವ ಬರುವ ತನಕ ನಾಯಕನೂ ಕಾಯಲೇಬೇಕು; ಆ ಇಬ್ಬರು ತಂಡದ ಅತ್ಯಂತ ಸಾಧಾರಣ ಆಟಗಾರರಾಗಿದ್ದರೂ ಸರಿಯೇ. ಹಾಗೆ ಕಾಯುವವರಿಗಾಗಿ ಹಿಂಗೆರೆಯಿಂದ ಎರಡು ಮೀಟರ್ ಆಚೆಗೆ ಬೇರೆಯೇ ಗೆರೆ ಎಳೆದು ಜಾಗ ಬಿಟ್ಟಿರುತ್ತಾರೆ. ಮಿತ್ರರೇ, ಮುಂದಿನ ಅಂತರ ತರಗತಿ ಪಂದ್ಯದಲ್ಲಿ ಒಂದೈದು ನಿಮಿಷ ದಾಳಿಗಾರನ ಮೇಲಿನ ಕಣ್ಣನ್ನು ತೆಗೆದು ಆ ಜಾಗದ ಕಡೆ ನೋಡಿ. ಅಲ್ಲಿ ಮೊದಲು ಕುಳಿತವನು ಒಂದು ಮೊಣಕಾಲನ್ನು ನೆಲದಿಂದ ಎತ್ತಿಕೊಂಡೇ ಇರುತ್ತಾನೆ.