ಮಂಗನಬಾವು: ಗಂಡುಮಕ್ಕಳ ತಾಯಂದಿರು ತಿಳಿದಿರಲಿ

ಮಂಗನಬಾವು ಎಂದರೆ ನಮಗೆಲ್ಲ ಸ್ವಲ್ಪ ನಗು. ಕೆನ್ನೆ ಊದಿಸಿಕೊಂಡು ಕೂತ ಮಗುವನ್ನು "ಏನೋ, ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೀಯಾ?" ಅಂತ ರೇಗಿಸುತ್ತೇವೆ. ಗಂಜಿ, ಮೆತ್ತನೆ ಅನ್ನ ಕೊಡುತ್ತಿದ್ದರೆ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಬಹುಮಟ್ಟಿಗೆ ಅಷ್ಟೇ. ಆದರೆ ಮೀಸೆ ಚಿಗುರಿದ ಹುಡುಗನಿಗೋ, ದೊಡ್ಡ ಗಂಡಸಿಗೋ ಬಂದರೆ ಉದಾಸೀನ ಸಲ್ಲದು.

ಇದು ವೈರಸ್ಸಿನ ಕಾಯಿಲೆ. ಎಂಜಲು, ಸೀನು, ಕೆಮ್ಮಿನಿಂದ ಹರಡುತ್ತದೆ. ವೈರಸ್ಸು ಕೆನ್ನೆಯ ಜೊಲ್ಲುಗ್ರಂಥಿಯಲ್ಲೇ ನಿಲ್ಲದೆ ರಕ್ತದ ಮೂಲಕ ವೃಷಣಕ್ಕೂ ಹೋಗಬಹುದು. ಲಸಿಕೆ ಹಾಕಿಸಿಕೊಳ್ಳದ, ಪ್ರಾಯಕ್ಕೆ ಬಂದ ಗಂಡಸರಿಗೆ ಈ ಕಾಯಿಲೆ ಬಂದಾಗ 100ಕ್ಕೆ ಸುಮಾರು 15ರಿಂದ 30 ಮಂದಿಗೆ ಹೀಗಾಗುತ್ತದೆ. ಕೆನ್ನೆ ಊದಿದ ಒಂದು ವಾರದ ಆಸುಪಾಸಿನಲ್ಲಿ ಮತ್ತೆ ಜ್ವರ ಏರಿ, ವೃಷಣ ಊದಿ, ವಿಪರೀತ ನೋವು ಬರುತ್ತದೆ. ವೃಷಣದ ಹೊರಪದರ ಗಟ್ಟಿ, ಅದು ಹಿಗ್ಗುವುದಿಲ್ಲ. ಹಾಗಾಗಿ ಒಳಗಿನ ಬಾವು ವೀರ್ಯಾಣು ತಯಾರಾಗುವ ಭಾಗವನ್ನೇ ಒತ್ತಿ ಕೆಡಿಸಬಹುದು.

ಹುಡುಗರು ನಾಚಿಕೆಯಿಂದ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಡಿಗೆ ಬದಲಾದರೆ ನೀವೇ ಕೇಳಿ, ಇಲ್ಲವೇ ಅವರ ತಂದೆಯಿಂದ ಕೇಳಿಸಿ. ತಡಮಾಡದೆ ವೈದ್ಯರಿಗೆ ತೋರಿಸಿ. ವೃಷಣ ತಿರುಚಿಕೊಂಡರೂ ಇಂಥದೇ ನೋವು ಬರುತ್ತದೆ. ಅದಕ್ಕೆ ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಮಂಗನಬಾವೇ ಆದರೆ ವಿಶ್ರಾಂತಿ, ಆಸರೆ ಕೊಡುವ ಒಳಚಡ್ಡಿ, ತಣ್ಣೀರು ಬಟ್ಟೆ, ವೈದ್ಯರು ಹೇಳಿದ ನೋವಿನ ಮಾತ್ರೆ ಸಾಕು.

ಹಾಗಂತ ಗಾಬರಿ ಬೇಡ. ಹೆಚ್ಚಿನವರಿಗೆ ಬಾವು ಒಂದೇ ಕಡೆ ಬರುತ್ತದೆ, ಇನ್ನೊಂದು ಚೆನ್ನಾಗಿಯೇ ಇರುತ್ತದೆ. ಮಕ್ಕಳೇ ಆಗದಂತಾಗುವುದು ಅಪರೂಪ. ಯಾವಾಗಲೋ ಮಂಗನಬಾವು ಬಂದಿತ್ತೆಂದು ಒಳ್ಳೆಯ ವರನನ್ನು ಬೇಡವೆನ್ನಬೇಡಿ.

ಇನ್ನೊಂದು ಮಾತು. ಮಗುವಾಗುವುದು ತಡವಾದರೆ ಸೊಸೆಯನ್ನೇ ಆಸ್ಪತ್ರೆ, ಹರಕೆ ಎಂದು ಅಲೆಸುತ್ತೇವೆ. ಮಗನಿಗೆ ಪ್ರಾಯದಲ್ಲಿ ಈ ಕಾಯಿಲೆ ಬಂದಿದ್ದು ಹೆತ್ತ ತಾಯಿಗೆ ನೆನಪಿರುತ್ತದಲ್ಲವೇ? ಅದನ್ನು ವೈದ್ಯರಿಗೆ ಹೇಳಿ, ಅವನನ್ನೂ ಪರೀಕ್ಷೆಗೆ ಕಳಿಸಿ. ವೀರ್ಯ ಪರೀಕ್ಷೆಯಲ್ಲಿ ನೋವಿಲ್ಲ, ಅವಮಾನವೂ ಇಲ್ಲ.

ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಮನ್ ತಮ್ಮ ಮಗಳಿಗೆ ಬಂದ ಮಂಗನಬಾವಿನ ವೈರಸ್ಸಿನಿಂದಲೇ ತಯಾರಿಸಿದ ಲಸಿಕೆ 1967ರಲ್ಲೇ ಬಳಕೆಗೆ ಬಂತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಶುರುವಾದ ಎಂ.ಆರ್. ಚುಚ್ಚುಮದ್ದು ದಡಾರ, ರುಬೆಲ್ಲಾಗಳಿಗೆ ಮಾತ್ರ. ಎಂ.ಎಂ.ಆರ್. ಎಂಬುದರಲ್ಲಿ ಮಂಗನಬಾವಿನದ್ದೂ ಸೇರಿದೆ. ನಿಮ್ಮ ಮಗುವಿನ ಲಸಿಕೆ ಕಾರ್ಡನ್ನು ಇವತ್ತೇ ತೆಗೆದು ನೋಡಿ, ಮಕ್ಕಳ ವೈದ್ಯರನ್ನು ಕೇಳಿ.