ಬಿ.ಕಾಂ. ನಂತರದ ಓದು: ಯಾವ ಉದ್ಯೋಗಕ್ಕೆ, ಯಾರ ಹಣದಿಂದ?

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಸದಸ್ಯರನೇಕರು ಲೆಕ್ಕಪತ್ರಗಳೊಡನೆ ಮಕ್ಕಳ ಅಂಕಪಟ್ಟಿಯನ್ನೂ ನನ್ನ ಕಚೇರಿಗೆ ತರುವುದುಂಟು. ಎಂ.ಕಾಂ., ಎಂ.ಬಿ.ಎ., ಸಿ.ಎ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ವಾಡಿಕೆಯಾಗಿದೆ. ವಾಸ್ತವದಲ್ಲಿ ಇವು ಬೇರೆ ಬೇರೆ ಉದ್ಯೋಗಗಳಿಗೆ ಒಯ್ಯುವ ದಾರಿಗಳು.

ಎಂ.ಕಾಂ. ಮುಖ್ಯವಾಗಿ ಅಧ್ಯಾಪಕ ವೃತ್ತಿಯ ದಾರಿ. ಶೇ. 55 ಅಂಕಗಳೊಡನೆ (ಮೀಸಲು ವರ್ಗಗಳಿಗೆ ರಿಯಾಯಿತಿಯುಂಟು) ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ ಕಾಲೇಜು ಬೋಧನೆಯ ಅವಕಾಶವಿದೆ. ಆ ಪರೀಕ್ಷೆಯ ಉದ್ದೇಶವಿಲ್ಲದೆ, "ಮನೆಯಲ್ಲಿ ಸುಮ್ಮನೆ ಕೂರುವುದೇಕೆ" ಎಂದು ಸೇರುವವರಿಗೆ ಲಾಭ ಕಡಿಮೆ. ಬ್ಯಾಂಕುಗಳ ಗುಮಾಸ್ತ ಮತ್ತು ಅಧಿಕಾರಿ ಹುದ್ದೆಗಳ ಸಾಮಾನ್ಯ ಪರೀಕ್ಷೆಗಳಿಗೆ ಪದವಿಯಷ್ಟೇ ಸಾಕು. ಎರಡು ವರ್ಷ ಹೆಚ್ಚು ಓದಿದವರೂ ಅದೇ ಸಾಲಿನಲ್ಲಿ ನಿಲ್ಲಬೇಕು. ಕರ್ನಾಟಕವು 2021-22ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯನ್ನು 2024-25ರಲ್ಲಿ ಕೈಬಿಟ್ಟಿದೆ. ನಡುವೆ ಆನರ್ಸ್ ಪೂರೈಸಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿಗೆ ಯು.ಜಿ.ಸಿ. ಅವಕಾಶ ಕಲ್ಪಿಸಿರುವುದನ್ನು ಮರೆಯಬಾರದು.

ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಸಿ.ಎ. ಇಂಟರ್‌ಮೀಡಿಯೆಟ್ ಹಂತಕ್ಕೆ ನೇರವಾಗಿ ನೋಂದಾಯಿಸಬಹುದು. ನಮ್ಮ ಕಾಲದಲ್ಲಿ ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ತರಬೇತಿ 2023ರ ಜುಲೈಯಿಂದ ಎರಡು ವರ್ಷಕ್ಕೆ ಇಳಿದಿದೆ. 2021ರಲ್ಲಿ ಯು.ಜಿ.ಸಿ.ಯು ಸಿ.ಎ. ಅರ್ಹತೆಯನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಅಂಗೀಕರಿಸಿತು. ಆದರೆ ಎಂದು ಮುಗಿದೀತೆಂದು ಹೇಳಲಾಗದ ಓದು ಇದು. ಮಗನಿಗೆ ಸಹನೆಯಿದೆಯೇ ಎಂಬುದರಷ್ಟೇ ತಂದೆಗೆ ಇದೆಯೇ ಎಂಬುದೂ ಮುಖ್ಯ!

ಎಂ.ಬಿ.ಎ. ಪದವಿಯ ಬೆಲೆ ಸಂಸ್ಥೆಯನ್ನು ಅವಲಂಬಿಸಿದೆ. ಕಾಲೇಜುಗಳು ಜಾಹೀರಾತಿನಲ್ಲಿ ತೋರಿಸುವುದು ಅತ್ಯಧಿಕ ಸಂಬಳವನ್ನು. ತಾವು ಕೇಳಬೇಕಾದುದು ತರಗತಿಯ ಎಷ್ಟು ಮಂದಿಗೆ ಕೆಲಸ ದೊರೆಯಿತು, ನಡುವಿನ ವಿದ್ಯಾರ್ಥಿಗೆ ದೊರೆತ ಸಂಬಳವೆಷ್ಟು ಎಂಬುದನ್ನು. ಸ್ವಂತ ಉದ್ಯಮಕ್ಕೇ ಮರಳುವ ಮಕ್ಕಳು ಮೊದಲು ಎರಡು ವರ್ಷ ಹೊರಗಿನ ಸಂಸ್ಥೆಯೊಂದರಲ್ಲಿ ದುಡಿದು ಬಳಿಕ ಓದುವುದು ಒಳಿತೆಂಬುದು ನನ್ನ ಅಭಿಪ್ರಾಯ. ಬೇರೆಯವರ ಕೈಕೆಳಗೆ ದುಡಿದವರಿಗೆ ತರಗತಿಯಲ್ಲಿ ಕೇಳಲು ಪ್ರಶ್ನೆಗಳಿರುತ್ತವೆ.

ಇನ್ನು ಹಣದ ವಿಚಾರ. ಸಣ್ಣ ಕೈಗಾರಿಕೆ ನಡೆಸುವ ನನ್ನ ಕಕ್ಷಿದಾರರೊಬ್ಬರು ಮಗನ ಎಂ.ಬಿ.ಎ. ಶುಲ್ಕವನ್ನು ಪಾಲುದಾರಿಕೆ ಸಂಸ್ಥೆಯ ಖಾತೆಯಿಂದ ಪಾವತಿಸಿ ಸಿಬ್ಬಂದಿ ತರಬೇತಿ ವೆಚ್ಚವೆಂದು ಬರೆಸಿದ್ದರು. ಮಗ ಸಂಸ್ಥೆಯ ನೌಕರನಾಗಿರಲಿಲ್ಲ. ಓದಿದ ಮೇಲೆ ಇಲ್ಲಿಯೇ ದುಡಿಯುವ ಕರಾರೂ ಇರಲಿಲ್ಲ. ಬೇರೆ ಯಾವ ನೌಕರನಿಗೂ ಅಂತಹ ನೆರವು ದೊರೆತಿರಲಿಲ್ಲ. ಅಧಿಕಾರಿಗಳು ಅದನ್ನು ಸ್ವಂತ ಖರ್ಚೆಂದು ಪರಿಗಣಿಸಿ ತಿರಸ್ಕರಿಸಿದರು. ತೆರಿಗೆಯೂ ಬಡ್ಡಿಯೂ ತೆರಬೇಕಾಯಿತು. ಶುಲ್ಕ ಕಟ್ಟುವ ಮುನ್ನ ಅವರು ನನ್ನನ್ನು ಕೇಳಿರಲಿಲ್ಲ.

ವಿದ್ಯಾಭ್ಯಾಸದ ಸಾಲವನ್ನು ತಂದೆ ಅಥವಾ ತಾಯಿ ವೈಯಕ್ತಿಕವಾಗಿ ಬ್ಯಾಂಕಿನಿಂದ ಪಡೆದರೆ, ಪಾವತಿಸಿದ ಬಡ್ಡಿಯನ್ನು ಯಾವ ಮಿತಿಯೂ ಇಲ್ಲದೆ ಅವರ ಆದಾಯದಿಂದ ಕಳೆಯಬಹುದು. 10 ಲಕ್ಷ ರೂ. ಸಾಲಕ್ಕೆ ವರ್ಷಕ್ಕೆ 1 ಲಕ್ಷ ರೂ. ಬಡ್ಡಿ ಕಟ್ಟಿದರೆ, ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 31,200 ರೂ. ಉಳಿತಾಯ. ಅಸಲಿಗೆ ಈ ಸೌಲಭ್ಯವಿಲ್ಲ. ನೆಂಟರಿಂದ ಪಡೆದ ಕೈಗಡಕ್ಕೆ ಇಲ್ಲ. ಸಂಸ್ಥೆಯ ಓವರ್‌ಡ್ರಾಫ್ಟಿಗೂ ಇಲ್ಲ. 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇದು ದೊರೆಯದು. ಆದುದರಿಂದ ಸಾಲದ ಅರ್ಜಿ ಹಾಕುವ ಮೊದಲೇ ಎರಡೂ ಪದ್ಧತಿಗಳಲ್ಲಿ ತೆರಿಗೆಯನ್ನು ಲೆಕ್ಕ ಹಾಕಿಸಿಕೊಳ್ಳತಕ್ಕದ್ದು. ಬಡ್ಡಿ ಕಟ್ಟಲಾರಂಭಿಸಿದ ವರ್ಷವೂ ಸೇರಿ ಎಂಟು ವರ್ಷ ಮಾತ್ರ ಈ ಸೌಲಭ್ಯವುಂಟು. ಓದುವ ಅವಧಿಯಲ್ಲಿಯೇ ಬಡ್ಡಿ ಕಟ್ಟಿದರೆ ಎಣಿಕೆ ಅಂದಿನಿಂದಲೇ ಆರಂಭವಾಗುತ್ತದೆ.