ಸಸ್ತಾಪುರ ಬಂಗ್ಲಾದ ಕುಂಚ ಮತ್ತು ರೇಡಿಯಂ

ಹುಮನಾಬಾದಿನಿಂದ ಸೊಲ್ಲಾಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ, ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ ಬಂಗ್ಲಾದ ಆಸುಪಾಸಿನ ಆಟೋನಗರವು ಲಾರಿಗಳಿಗೆ ಬಾಡಿ ಕಟ್ಟುವ ಕೆಲಸಕ್ಕೆ ಹೆಸರಾದದ್ದು. ವಿಜಯವಾಡದ ಆಟೋನಗರವನ್ನು ಬಿಟ್ಟರೆ ಏಷ್ಯಾದಲ್ಲೇ ಇದು ದೊಡ್ಡದು ಎಂಬ ಹೆಮ್ಮೆಯ ಮಾತು ಈ ಭಾಗದಲ್ಲಿ ಕೇಳಿಬರುತ್ತದೆಯಾದರೂ, ಏಷ್ಯಾವನ್ನು ಅಳೆದು ಬಂದವರು ಯಾರೆಂದು ಕೇಳದಿರುವುದೇ ಲೇಸು. ಗಾತ್ರಕ್ಕಿಂತ ಅಲ್ಲಿನ ಬಣ್ಣದ ಕೆಲಸ ಹೆಚ್ಚು ಗಮನಾರ್ಹ. ಏಕೆಂದರೆ ಮೂವತ್ತು ಅಡಿ ಉದ್ದದ ಲಾರಿಗೆ ಬಣ್ಣ ಹೊಡೆದು ಸ್ಟಿಕರ್ ಅಂಟಿಸುವ ಕ್ರಮವೂ, ಅಮೆರಿಕದ ಸ್ಟಾಕ್ ಕಾರಿನ, ಅಂದರೆ ಪೇಟೆಯಲ್ಲಿ ಮಾರುವ ಕಾರಿನದೇ ಹೊರರೂಪವಿರುವ ರೇಸ್ ಕಾರಿನ, ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಮಾದರಿಯನ್ನು ಸಿಂಗರಿಸುವ ಕ್ರಮವೂ ಬಹುತೇಕ ಒಂದೇ.

ಈ ಉದ್ಯೋಗದ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಟಾಟಾ ಸಂಸ್ಥೆಯು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಕೆಗೆ ಇಳಿಯಿತು. 1969ರಲ್ಲಿ ಆ ಸಹಯೋಗ ಮುಗಿದು ಮೂತಿಯ ಮೇಲಿನ ಮರ್ಸಿಡಿಸ್ ನಕ್ಷತ್ರ ಮಾಯವಾಯಿತು. ಆಗಿನಿಂದಲೂ ಕಾರ್ಖಾನೆಗಳು ಬಹುಪಾಲು ಮಾರಿದ್ದು ಎಂಜಿನ್, ಚಕ್ರ, ಚೌಕಟ್ಟುಗಳಷ್ಟೇ ಇರುವ ಬರಿಯ ಚಾಸಿಯನ್ನು. ಕ್ಯಾಬಿನ್, ಸರಕಿನ ತೊಟ್ಟಿ, ಬಣ್ಣ, ಬರಹವೆಲ್ಲ ಕೊಂಡವನ ಪಾಲಿಗೆ ಬಿಟ್ಟದ್ದಾದ್ದರಿಂದ, ಮುಂಬೈ–ಹೈದರಾಬಾದ್ ದಾರಿಯ ನಡುವಿನ ಇಂತಹ ತಾಣಗಳಲ್ಲಿ ಬಡಗಿ, ವೆಲ್ಡರ್ ಮತ್ತು ಪೇಂಟರುಗಳು ಒಂದೇ ಅಂಗಳದಲ್ಲಿ ನೆಲೆಯೂರಿದರು.

ಅಂಗಳದಲ್ಲಿ ನಿಂತು ನೋಡಿದವರನ್ನು ಮೊದಲು ಚಕಿತಗೊಳಿಸುವುದು ಬಣ್ಣವಲ್ಲ, ಬಣ್ಣಕ್ಕೆ ಮುಂಚಿನ ದೀರ್ಘ ಪೂರ್ವಸಿದ್ಧತೆ. ತಗಡಿನ ಎಣ್ಣೆ ಜಿಡ್ಡನ್ನು ಥಿನ್ನರಿನಿಂದ ಒರೆಸಿ, ತುಕ್ಕು ಹಿಡಿಯದಂತೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಲೇಪಿಸಿ, ತಗ್ಗು ಬಿದ್ದ ಕಡೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ನೀರು ಹನಿಸುತ್ತ ವಾಟರ್ ಪೇಪರಿನಿಂದ ಉಜ್ಜುತ್ತಾರೆ. ಅನುಭವಿ ಪೇಂಟರ್ ಉಜ್ಜಿದ ಮೇಲ್ಮೈಯನ್ನು ಕಣ್ಣಿನಿಂದ ಪರೀಕ್ಷಿಸುವುದಿಲ್ಲ. ತಲೆ ಬೇರೆಡೆ ತಿರುಗಿಸಿ ಒದ್ದೆ ತಗಡಿನ ಮೇಲೆ ಅಂಗೈ ಆಡಿಸುತ್ತಾನೆ, ಕಣ್ಣಿಗೆ ಕಾಣದ ಉಬ್ಬನ್ನು ಕೈ ಹೇಳುತ್ತದೆ. ಹಳದಿ, ಕೇಸರಿ, ಕೆಂಪು ಬಣ್ಣಗಳಿಗೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಅದಕ್ಕಾಗಿ ಮೊದಲು ಬಿಳಿ ಹೊಡೆದು ಅದರ ಮೇಲೆ ಅವುಗಳನ್ನು ತೆಳುವಾಗಿ ಎರಡು ಮೂರು ಸಲ ಹೊಡೆಯುತ್ತಾರೆ. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ ಬಣ್ಣ ಹರಿದು ಕಣ್ಣೀರಿನ ಗೆರೆ ಮೂಡುತ್ತದೆ. ಪ್ಲಾಸ್ಟಿಕ್ ಕಾರಿನ ಹವ್ಯಾಸಿಯೂ ಇದನ್ನೇ ಮಾಡುತ್ತಾನೆ: ಅಚ್ಚಿನ ಜಿಡ್ಡು ಹೋಗುವಂತೆ ಸೋಪು ನೀರಿನಲ್ಲಿ ತೊಳೆಯುತ್ತಾನೆ, ಪ್ರೈಮರ್ ಹಾಕುತ್ತಾನೆ, ಹಳದಿಗೆ ಮೊದಲು ಬಿಳಿಯನ್ನು ಹಚ್ಚುತ್ತಾನೆ.

ಬಣ್ಣ ಒಣಗಿದ ನಂತರ ಬರುವುದು ಡಿಕಾಲ್, ಎಂದರೆ ಕಾಗದದ ಮೇಲೆ ಮೊದಲೇ ಅಚ್ಚಾಗಿದ್ದು ಬೇರೊಂದು ಮೇಲ್ಮೈಗೆ ವರ್ಗಾವಣೆಯಾಗುವ ಚಿತ್ರ. ಮಾದರಿ ಕಾರಿನ ಡಿಕಾಲನ್ನು ನೀರಿನಲ್ಲಿ ಅದ್ದಿದಾಗ ಕಾಗದದ ಮೇಲಿನ ಅಂಟು ಕರಗುತ್ತದೆ, ಚಿತ್ರದ ತೆಳು ಪೊರೆ ಜಾರಿಬಂದು ಕಾರಿನ ಮೇಲೆ ಕೂರುತ್ತದೆ. ಹಳೆಯ ಸಿಂಗರ್ ಹೊಲಿಗೆ ಯಂತ್ರದ ಕಪ್ಪು ಮೈಮೇಲಿನ ಹೊಂಬಣ್ಣದ ಬಳ್ಳಿಯೂ ಇದೇ ಜಾತಿಯದು. ಆಟೋನಗರದಲ್ಲಿ ಇದರ ಸ್ಥಾನವನ್ನು ‘ರೇಡಿಯಂ’ ಹಿಡಿದಿದೆ. ಅದರಲ್ಲಿ ರೇಡಿಯಂ ಧಾತು ಇಲ್ಲ, ಇರುವುದು ವಿನೈಲ್ ಹಾಳೆ; ಗಣಕಯಂತ್ರಕ್ಕೆ ಜೋಡಿಸಿದ ಕತ್ತರಿಸುವ ಯಂತ್ರವು ಅಕ್ಷರಗಳನ್ನು ಅದರಲ್ಲಿ ಕೊರೆದುಕೊಡುತ್ತದೆ. ದೊಡ್ಡ ಸ್ಟಿಕರ್ ಅಂಟಿಸುವ ಮುನ್ನ ತಗಡಿಗೆ ಸೋಪು ನೀರು ಸಿಂಪಡಿಸುವುದರಿಂದ ಹಾಳೆ ಸ್ವಲ್ಪ ಹೊತ್ತು ಜಾರುವಂತಿದ್ದು, ಸೊಟ್ಟಗಾದರೆ ಸರಿಪಡಿಸಬಹುದು. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ನೀರನ್ನೂ ಗಾಳಿಯನ್ನೂ ಹೊರದೂಡಬೇಕು. ಎನಾಮೆಲ್ ಬಣ್ಣ ಮೇಲುಗಡೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಮಾಲೀಕನ ಅವಸರಕ್ಕೆ ಮಣಿದು ಮರುದಿನವೇ ಸ್ಟಿಕರ್ ಅಂಟಿಸಿದರೆ ಒಳಗಿನ ಥಿನ್ನರ್ ಆವಿಯಾಗಿ ಗುಳ್ಳೆ ಏಳುತ್ತದೆ. ಮಾದರಿಯ ಮೇಲೂ ಡಿಕಾಲಿನ ಕೆಳಗೆ ಗಾಳಿ ಸಿಕ್ಕಿಕೊಂಡರೆ ಬೆಳ್ಳಿಯಂತಹ ಮಬ್ಬು ಕಾಣುವುದರಿಂದ, ಮೊದಲೇ ನಯವಾದ ವಾರ್ನಿಷ್ ಹೊಡೆದಿರಬೇಕಾಗುತ್ತದೆ.

ಸ್ಟಾಕ್ ಕಾರುಗಳ ಬಣ್ಣದ ಚರಿತ್ರೆಯಲ್ಲಿ ಅಮೆರಿಕದ ರೇಸ್ ಚಾಲಕ ರಿಚರ್ಡ್ ಪೆಟ್ಟಿಯ 43ನೇ ಸಂಖ್ಯೆಯ ಕಾರಿನ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ವಿಷಯಾಂತರವೆನಿಸಿದರೂ ಆಟೋನಗರದ ಯಾವ ಪೇಂಟರಿಗೂ ಅದು ಅಪರಿಚಿತವೆನಿಸದು. ಉತ್ತರ ಕೆರೊಲಿನಾದ ಪೆಟ್ಟಿ ಕುಟುಂಬದ ಗ್ಯಾರೇಜಿನಲ್ಲಿ ಒಮ್ಮೆ ಇಡೀ ಕಾರಿಗೆ ಸಾಲುವಷ್ಟು ಬಿಳಿಯೂ ಇರಲಿಲ್ಲ, ನೀಲಿಯೂ ಇರಲಿಲ್ಲವಂತೆ. ಉಳಿದ ಎರಡನ್ನೂ ಬೆರೆಸಿ ಹೊಡೆದಾಗ ಹುಟ್ಟಿದ ತಿಳಿನೀಲಿಯೇ ಮುಂದೆ ‘ಪೆಟ್ಟಿ ಬ್ಲೂ’ ಎಂದು ಹೆಸರಾಯಿತು. ಇಂತಹ ಕಥೆಗಳು ಹೇಳುತ್ತ ಹೇಳುತ್ತ ನಯವಾಗುವುದು ಸಹಜವಾದ್ದರಿಂದ ತುಸು ಅನುಮಾನವಿಟ್ಟುಕೊಳ್ಳುವುದು ಒಳ್ಳೆಯದು, ಆದರೂ ಉಳಿದ ಡಬ್ಬಿಗಳನ್ನು ಬೆರೆಸುವುದು ಎಲ್ಲ ಗ್ಯಾರೇಜುಗಳ ನಿತ್ಯದ ಲೆಕ್ಕಾಚಾರ. 1972ರಲ್ಲಿ ಎಸ್‌ಟಿಪಿ ಎಂಬ, ಎಂಜಿನ್ ಆಯಿಲಿಗೆ ಬೆರೆಸುವ ದ್ರಾವಣದ ಕಂಪನಿ ಪ್ರಾಯೋಜಕನಾಗಿ ಬಂದು ಕಾರು ಪೂರ್ತಿ ತನ್ನ ಕೆಂಪಿನಲ್ಲಿರಬೇಕೆಂದಿತು. ಪೆಟ್ಟಿ ನೀಲಿಯನ್ನು ಬಿಡಲೊಪ್ಪಲಿಲ್ಲ. ಕೊನೆಗೆ ಎರಡೂ ಬಣ್ಣ ಒಂದೇ ಕಾರಿನಲ್ಲಿ ಕೂಡಿದವು, ಆ ರಾಜಿಯೇ ಜಗತ್ತಿನಾದ್ಯಂತ ಹವ್ಯಾಸಿಗಳು ಅತಿ ಹೆಚ್ಚು ಅಕ್ಕರೆಯಿಂದ ನಕಲು ಮಾಡುವ ವಿನ್ಯಾಸಗಳಲ್ಲಿ ಒಂದಾಯಿತು. ಹಣ ಕೊಡುವವನ ಬಣ್ಣಕ್ಕೂ ಓಡಿಸುವವನ ಬಣ್ಣಕ್ಕೂ ನಡುವಿನ ಈ ಜಗ್ಗಾಟ, ಮಾಲೀಕನೂ ಚಾಲಕನೂ ಬೇರೆಯಾಗಿರುವ ಲಾರಿಗಳಲ್ಲೂ ನಡೆಯುತ್ತದೆ; ಹೊರಮೈ ಮಾಲೀಕನದಾದರೆ ಕ್ಯಾಬಿನ್ನಿನ ಒಳಗು ಚಾಲಕನದಾಗುತ್ತದೆ.

ಲಾರಿಯ ಮೇಲಿನ ಮೂರನೆಯ ಒಡೆತನ ಸರ್ಕಾರದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನ್ಯಾಷನಲ್ ಪರ್ಮಿಟ್ ಲಾರಿಗೆ ಒಣ ಎಲೆಯ ಕಂದು ಬಣ್ಣವನ್ನೂ ದಪ್ಪ ಬಿಳಿ ಅಂಚನ್ನೂ ವಿಧಿಸಿದವು. ಪ್ರವಾಸಿ ವಾಹನಕ್ಕೆ ಬಿಳಿ ಮೈ, 5 ಸೆಂಟಿಮೀಟರ್ ಅಗಲದ ನೀಲಿ ಪಟ್ಟಿ, 60 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ‘ಟೂರಿಸ್ಟ್’ ಎಂಬ ಬರಹ. 24ಕ್ಕೆ ಒಂದರ ಪ್ರಮಾಣದ ಮಾದರಿ ಮಾಡಹೊರಟವನಿಗೆ ಆ ವೃತ್ತ ಎರಡೂವರೆ ಸೆಂಟಿಮೀಟರಿಗೆ, ಪಟ್ಟಿ ಎರಡು ಮಿಲಿಮೀಟರಿಗೆ ಇಳಿಯುತ್ತದೆ. ಅಷ್ಟು ಸಪೂರ ಗೆರೆಯನ್ನು ಕೈಯಿಂದ ಎಳೆಯುವುದು ಕಷ್ಟವಾದ್ದರಿಂದಲೇ ಡಿಕಾಲ್ ಬೇಕಾಗುತ್ತದೆ. ನೋಂದಣಿ ಫಲಕವಂತೂ ಪೇಂಟರನ ಕೈತಪ್ಪಿ ಹೋಗಿದೆ: 2019ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ಫಲಕ ಕಡ್ಡಾಯವಾದಾಗಿನಿಂದ ಬಸವಕಲ್ಯಾಣದ ‘ಕೆಎ 56’ ಅಚ್ಚೊತ್ತಿದ ಅಲ್ಯೂಮಿನಿಯಂ ತಗಡಿನಲ್ಲಿ ಬರುತ್ತದೆ. ಮಹಾರಾಷ್ಟ್ರವು 2015ರಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಬರಹವನ್ನೇ ನಿಷೇಧಿಸಿತು. ಗಡಿಯಾಚೆಯ ಉಮರ್ಗಾ ದಾಟಿ ಹೋಗುವ ಈ ಭಾಗದ ಲಾರಿಗಳಿಗೆ ಅದು ದೂರದ ಸುದ್ದಿಯಾಗಿರಲಿಲ್ಲ.

ಉಳಿದದ್ದು ದೇವರು ಮತ್ತು ಹೆಸರು. ಕಿರೀಟವಿಟ್ಟ ಬಸವಣ್ಣ, ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರದ ಮಾಣಿಕಪ್ರಭು, ದರ್ಗಾದ ಗುಮ್ಮಟ, ಇವೆಲ್ಲ ಈಗ ಮುದ್ರಿತ ಸ್ಟಿಕರುಗಳಾಗಿ ಸಿಗುತ್ತವೆ; ಅವುಗಳಲ್ಲಿ ಗೆರೆ ಸ್ಫುಟವಾಗಿದೆ, ದರವೂ ಕಡಿಮೆ, ಆದರೆ ಒಂದು ಬಸವಣ್ಣನಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕುಂಚದ ಅಕ್ಷರ ಹಾಗಲ್ಲ. ಸುಣ್ಣದ ಪುಡಿ ಸವರಿದ ದಾರವನ್ನು ಮಿಡಿದು ಗೆರೆ ಬೀಳಿಸಿ, ಒಂದು ಕೈಯ ಮಣಿಕಟ್ಟನ್ನು ಕೋಲಿಗೆ ಆನಿಸಿ, ‘ಶ್ರೀ’ಯ ಒತ್ತಿನ ಬಾಲವನ್ನು ಒಂದೇ ಉಸಿರಿನಲ್ಲಿ ಎಳೆದು, ಬಲಕ್ಕೂ ಕೆಳಕ್ಕೂ ಕಪ್ಪು ನೆರಳು ಕೊಟ್ಟಾಗ ಅಕ್ಷರ ಹಲಗೆಯಿಂದ ಮೇಲೆದ್ದು ನಿಲ್ಲುತ್ತದೆ. ಕನ್ನಡದ ದುಂಡು ಅಕ್ಷರಗಳಿಗೆ ಈ ನೆರಳು ದೇವನಾಗರಿಗಿಂತ ಚೆನ್ನಾಗಿ ಒಪ್ಪುತ್ತದೆಂಬುದು ಪಕ್ಷಪಾತದ ಮಾತಿರಬಹುದು, ಸುಳ್ಳಲ್ಲ.

ಕುಂಚ ಉಳಿದಿರುವುದಕ್ಕೆ ಕಾರಣ ಮಾತ್ರ ಪ್ರೀತಿಯಲ್ಲ, ಹಲಗೆ. ಸರಕು ಏರಿಳಿಸುವ ಹಿಂಬದಿಯ ಹಲಗೆಬಾಗಿಲಾದ ಫಾಳಕಾದಲ್ಲಿ ಸಂದು, ಬೋಲ್ಟು, ಏರುತಗ್ಗುಗಳಿರುತ್ತವೆ. ಮಾದರಿ ಕಾರಿನ ಡಿಕಾಲನ್ನು ಮೆತ್ತಗಾಗಿಸುವ ದ್ರಾವಣ ಹಚ್ಚಿ ಇಂತಹ ಸಂದಿಗೆ ಇಳಿಸಬಹುದು, ವಿನೈಲನ್ನು ಬಿಸಿಗಾಳಿಯಿಂದ ಬಗ್ಗಿಸಬಹುದು, ಆದರೆ ದಿನವೂ ಮೂಟೆ ಉಜ್ಜುವ ಮರದ ಮೇಲೆ ಸ್ಟಿಕರಿನ ಅಂಚು ಮೇ ತಿಂಗಳ ಬಿಸಿಲಿಗೆ ಸುರುಳಿ ಸುತ್ತುತ್ತದೆ. ಕ್ಯಾಬಿನ್ ಕಟ್ಟುವ ಕೆಲಸ ಕಾರ್ಖಾನೆಗಳ ಪಾಲಾಗುತ್ತಿದ್ದು, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವೂ ಕಡ್ಡಾಯವಾಗಿದೆ. ಹೀಗಾಗಿ ಈ ಹೆದ್ದಾರಿಯಲ್ಲಿ ಹೋಗುವವರು ಸಸ್ತಾಪುರ ಬಂಗ್ಲಾದಲ್ಲಿ ಚಹಾಕ್ಕೆ ನಿಂತಾಗ ಲಾರಿಯ ಮುಖ ನೋಡಿ ಪ್ರಯೋಜನವಿಲ್ಲ. ಹಿಂದಕ್ಕೆ ಹೋಗಿ ಫಾಳಕಾ ನೋಡಬೇಕು, ಸಾಧ್ಯವಾದರೆ ಚಾಲಕನನ್ನು ಕೇಳಿ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು, ಮುಂದಿನ ಸಲ ಆ ಲಾರಿ ಬಣ್ಣಕ್ಕೆ ಬಂದಾಗ ಅದೇ ಹಲಗೆ ಇರುತ್ತದೆಂಬ ಖಾತರಿಯಿಲ್ಲ.